ವಿದ್ಯುದಾಘಾತ ಮತ್ತು ಅದರಿಂದ ರಕ್ಷಣೆ

ಹಾಲೆಂಡ್ ದೇಶದ ಲೈಡನ್ ಪಟ್ಟಣದಲ್ಲಿ 1746ರ ಸುಮಾರಿನಲ್ಲಿ ಪೀಟರ್ ಫಾನ್ ಮುಷೆನ್‌ಬ್ರೂಕ್ ಎಂಬ ಅಧ್ಯಾಪಕನು ನೀರು ತುಂಬಿದ ಗಾಜಿನ ಜಾಡಿಯೊಂದರಲ್ಲಿ ವಿದ್ಯುತ್ತನ್ನು ಶೇಖರಿಸುವ ಪ್ರಯೋಗದಲ್ಲಿ ತೊಡಗಿದ್ದನು. ಒಂದು ಕೈಯಲ್ಲಿ ಜಾಡಿಯನ್ನು ಹಿಡಿದುಕೊಂಡು ಇನ್ನೊಂದು ಕೈಯಿಂದ ಅದಕ್ಕೆ ಸೇರಿದ ಲೋಹವನ್ನು ಮುಟ್ಟಿದೊಡನೆಯೇ ಅವನ ಇಡೀ ಮೈ ಸಿಡಿಲು ಬಡಿದಂತೆ ನಡುಗಿಹೋಯಿತು. ಫ್ರಾನ್ಸ್ ರಾಜ್ಯವನ್ನೇ ಕೊಟ್ಟರೂ ಇಂಥ ಪೆಟ್ಟನ್ನು ಇನ್ನೊಮ್ಮೆ ತಿನ್ನಲೊಲ್ಲೆನೆಂಬ ಅರ್ಥದಲ್ಲಿ ಅವನು ತನ್ನ ಮಿತ್ರನಿಗೆ ಪತ್ರ ಬರೆದನು. ಆದರೂ ಅವನು ಬದುಕಿ ಉಳಿದನು. ಇದಾದ ಏಳು ವರ್ಷಗಳಲ್ಲಿ, ಎಂದರೆ 1753ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಗೆಯಾರ್ಗ್ ರಿಖ್‌ಮನ್ ಎಂಬ ವಿಜ್ಞಾನಿಯು ಮನೆಯ ಮಾಡಿನ ಮೇಲೆ ಕಬ್ಬಿಣದ ಸರಳೊಂದನ್ನು ನಿಲ್ಲಿಸಿ, ಅದರಿಂದ ತಂತಿಯನ್ನು ಕೋಣೆಯೊಳಕ್ಕೆ ತಂದು, ಗುಡುಗುವ ಮೋಡದ ವಿದ್ಯುತ್ತನ್ನು ಅಳೆಯಲು ಹೊರಟನು. ಆ ತಂತಿಗೆ ನೆಲದ ಸಂಪರ್ಕವಿರಲಿಲ್ಲ. ಅವನು ಉಪಕರಣದ ಕಡೆಗೆ ಬಾಗಿದಾಗ ವಿದ್ಯುತ್ತು ಅವನ ಹಣೆಗೆ ಹಾರಿತು. ಅವನು ಅಲ್ಲಿಯೇ ಪ್ರಾಣಬಿಟ್ಟನು.

ಒಬ್ಬನು ಉಳಿದನು, ಮತ್ತೊಬ್ಬನು ಮಡಿದನು. ಅದೃಷ್ಟವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಕೇಳಬೇಕಾದ ಪ್ರಶ್ನೆಗಳು ಮೂರು: ದೇಹದ ಮೂಲಕ ಎಷ್ಟು ಪ್ರವಾಹ ಹರಿಯಿತು? ಅದು ಎಲ್ಲಿಂದ ಎಲ್ಲಿಗೆ ಹರಿಯಿತು? ಎಷ್ಟು ಹೊತ್ತು ಹರಿಯಿತು? ವಿದ್ಯುತ್ತಿನೊಡನೆ ವ್ಯವಹರಿಸುವಾಗ ಪಾಲಿಸಬೇಕಾದ ಪ್ರತಿಯೊಂದು ನಿಯಮವೂ ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರವಾಗಿದೆ. ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡವನು ನಿಯಮಗಳನ್ನು ಗಿಳಿಪಾಠ ಮಾಡಬೇಕಾಗಿಲ್ಲ. ಹೊಸ ಸಂದರ್ಭ ಎದುರಾದಾಗ ತಾನೇ ನಿಯಮವನ್ನು ಕಂಡುಕೊಳ್ಳಬಲ್ಲನು.

ಕಾವೇರಿಯ ನೀರಿನಿಂದ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆ ಕಾಲದಲ್ಲಿ ತಂತಿಯ ಹತ್ತಿರ ಹೋಗುತ್ತಿದ್ದವರು ತರಬೇತಿ ಪಡೆದ ಕೆಲವರು ಮಾತ್ರ. ಇಂದು ಗುಡಿಸಲಿನಲ್ಲಿಯೂ ಹೊಲದ ಮೂಲೆಯಲ್ಲಿಯೂ ಅದೇ ಶಕ್ತಿಯಿದೆ. ತಂತಿ ಎಲ್ಲರ ಕೈಗೆ ನಿಲುಕುವಷ್ಟು ಹತ್ತಿರ ಬಂದಿದೆ. ಅದರ ತಿಳಿವಳಿಕೆಯೂ ಅಷ್ಟೇ ಹತ್ತಿರ ಬರಬೇಕಾಗಿದೆ.

ಹರಿಯುವುದಕ್ಕೆ ದಾರಿ ಬೇಕು

ಎತ್ತರದ ತೊಟ್ಟಿಯಲ್ಲಿರುವ ನೀರು ಕೊಳವೆಯ ಮೂಲಕ ಕೆಳಕ್ಕೆ ಹರಿಯುವುದಷ್ಟೆ. ತೊಟ್ಟಿಯ ಎತ್ತರದಂತೆ ವಿದ್ಯುತ್ತಿನಲ್ಲಿ ಒತ್ತಡವಿದೆ; ಅದನ್ನು ವೋಲ್ಟುಗಳಲ್ಲಿ ಅಳೆಯುತ್ತೇವೆ. ಕೊಳವೆಯಲ್ಲಿ ಹರಿಯುವ ನೀರಿನಂತೆ ಪ್ರವಾಹವಿದೆ. ಅದರ ಅಳತೆ ಆಂಪಿಯರು. ಕೊಳವೆಯ ಇಕ್ಕಟ್ಟಿನಂತೆ ರೋಧವಿದೆ. ಅದರ ಅಳತೆ ಓಮ್. ಒತ್ತಡವನ್ನು ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆ. ಇದೇ ಓಮನ ನಿಯಮ. ಶಾಲೆಯಲ್ಲಿ ಕಲಿತ ಈ ಸಣ್ಣ ಸೂತ್ರವೇ ನಮ್ಮ ಪ್ರಾಣರಕ್ಷಣೆಯ ಮೂಲಸೂತ್ರವೆಂಬುದನ್ನು ಮುಂದೆ ಕಾಣುವೆವು.

ನೀರಿಗೂ ವಿದ್ಯುತ್ತಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕೊಳವೆ ಒಡೆದರೆ ನೀರು ಸುಮ್ಮನೆ ಹೊರಗೆ ಚೆಲ್ಲುತ್ತದೆ. ವಿದ್ಯುತ್ತು ಹಾಗಲ್ಲ, ಹೊರಟ ಮೂಲಕ್ಕೆ ಹಿಂದಿರುಗಲು ಪೂರ್ಣವಾದ ಮಂಡಲವಿಲ್ಲದಿದ್ದರೆ ಅದು ನಿರಂತರವಾಗಿ ಹರಿಯದು. ಬರಿಯ ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗದಿರುವುದು ಇದರಿಂದಲೇ. ಅದರ ಎರಡು ಕಾಲುಗಳೂ ಒಂದೇ ತಂತಿಯ ಮೇಲಿವೆ. ಕಾಲಿನಿಂದ ಕಾಲಿಗೆ ಒತ್ತಡದ ವ್ಯತ್ಯಾಸ ಇಲ್ಲವೆನ್ನುವಷ್ಟು ಅಲ್ಪ.

ಹಾಗಾದರೆ ನೆಲದ ಮೇಲೆ ನಿಂತು ಒಂದೇ ತಂತಿಯನ್ನು ಮುಟ್ಟಿದ ಮನುಷ್ಯನಿಗೆ ಆಘಾತವೇಕೆ? ನಮ್ಮ ಮನೆಗಳಿಗೆ ಬರುವ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಬೀದಿಯ ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲನ್ನು ನೆಲಕ್ಕೆ ಜೋಡಿಸಿರುತ್ತಾರೆ. ಆದುದರಿಂದ ನೆಲವೇ ಮಂಡಲದ ಒಂದು ಭಾಗವಾಗಿದೆ. ಫೇಸ್ ತಂತಿಗೂ ನೆಲಕ್ಕೂ ನಡುವೆ 230 ವೋಲ್ಟುಗಳ ಒತ್ತಡ ಸದಾ ಕಾದು ನಿಂತಿರುತ್ತದೆ. ತಂತಿಯನ್ನು ಮುಟ್ಟಿದವನ ಕೈ, ಎದೆ, ಕಾಲು, ಅನಂತರ ನೆಲ, ಕೊನೆಗೆ ಟ್ರಾನ್ಸ್‌ಫಾರ್ಮರು: ದಾರಿ ಪೂರ್ಣವಾಯಿತು. ಅವನು ಮಂಡಲದ ಒಂದು ತುಂಡಾಗಿಹೋದನು.

ಎಷ್ಟು ಪ್ರವಾಹ ಅಪಾಯಕರ?

ಅಪಾಯಕರ ಪ್ರವಾಹವೆಂದೊಡನೆ ನಮ್ಮ ಕಲ್ಪನೆಗೆ ಬಹು ದೊಡ್ಡ ಸಂಖ್ಯೆಗಳು ಬರುವುದುಂಟು. ವಾಸ್ತವವಾಗಿ ಇಲ್ಲಿ ಆಂಪಿಯರಿನ ಸಾವಿರದ ಒಂದು ಭಾಗವಾದ ಮಿಲಿಆಂಪಿಯರಿನಲ್ಲಿ ಲೆಕ್ಕ ಹಾಕಬೇಕು. ನಮ್ಮ ಮನೆಗಳಲ್ಲಿರುವ ಪರ್ಯಾಯ ಪ್ರವಾಹವು ಸೆಕೆಂಡಿಗೆ 50 ಆವರ್ತನೆಗಳದು. ಅಂಥ ಪ್ರವಾಹ ಒಂದು ಮಿಲಿಆಂಪಿಯರಿನಷ್ಟಾದರೆ ಕೈ ಜುಮ್ಮೆನ್ನುತ್ತದೆ. ಹತ್ತರ ಸುಮಾರಿಗೆ ಬಂದಾಗ ಸ್ನಾಯುಗಳು ನಮ್ಮ ಮಾತನ್ನು ಕೇಳುವುದಿಲ್ಲ. ಕೈಯನ್ನು ಬಿಚ್ಚುವ ಸ್ನಾಯುಗಳಿಗಿಂತ ಮುಚ್ಚುವ ಸ್ನಾಯುಗಳು ಬಲವಾದುವು. ಪ್ರವಾಹ ಎರಡನ್ನೂ ಒಟ್ಟಿಗೆ ಕೆರಳಿಸುವುದರಿಂದ ಮುಷ್ಟಿ ಬಿಗಿಯುತ್ತದೆ. ಜನರು ‘ಕರೆಂಟು ಹಿಡಿದುಕೊಂಡಿತು’ ಎನ್ನುವುದುಂಟು. ನಿಜವಾಗಿ ಹಿಡಿದುಕೊಂಡಿರುವುದು ಮನುಷ್ಯನ ಕೈ. ಬಿಡಲು ಅದಕ್ಕೆ ಸಾಧ್ಯವಾಗುತ್ತಿಲ್ಲ, ಅಷ್ಟೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಡಾಲ್ಜಿಯಲ್ ಎಂಬ ಪ್ರಾಧ್ಯಾಪಕರು ತಾವಾಗಿ ಮುಂದೆ ಬಂದ ಆರೋಗ್ಯವಂತರ ಮೇಲೆ ಎಚ್ಚರಿಕೆಯಿಂದ ಪರೀಕ್ಷೆಗಳನ್ನು ನಡೆಸಿ ಈ ಮಿತಿಯನ್ನು ಅಳೆದರು. ಹಿಡಿದ ತಂತಿಯನ್ನು ತಾನಾಗಿ ಬಿಡಲು ಸಾಧ್ಯವಾದ ಗರಿಷ್ಠ ಪ್ರವಾಹ ಗಂಡಸರಲ್ಲಿ ಸರಾಸರಿ 16, ಹೆಂಗಸರಲ್ಲಿ ಸರಾಸರಿ 10.5 ಮಿಲಿಆಂಪಿಯರ್ ಎಂದು ಕಂಡುಬಂದಿತು. ಮಕ್ಕಳಲ್ಲಿ ಈ ಮಿತಿ ಇನ್ನೂ ಕಡಮೆ. ಪ್ರವಾಹ 30 ಮಿಲಿಆಂಪಿಯರಿನ ಆಚೆಗೆ ಹೋಗಿ ಕೆಲಕಾಲ ಎದೆಯ ಮೂಲಕ ಹರಿದರೆ ಉಸಿರಾಟ ಕಟ್ಟುವ ಭಯವಿದೆ. ಅದು 100 ಮಿಲಿಆಂಪಿಯರಿನಷ್ಟಾಗಿ ಒಂದೆರಡು ಸೆಕೆಂಡು ಹರಿದರೆ ಹೃದಯದ ಬಡಿತವೇ ಕೆಟ್ಟುಹೋಗಬಹುದು.

ಈ ಸಂಖ್ಯೆಗಳನ್ನು ಮನೆಯ ವಸ್ತುಗಳೊಡನೆ ಹೋಲಿಸಿ ನೋಡೋಣ. ಒಂಬತ್ತು ವಾಟಿನ ಚಿಕ್ಕ ಎಲ್‌ಇಡಿ ದೀಪವು ಕಡಮೆಯೆಂದರೂ ಸುಮಾರು 40 ಮಿಲಿಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಎಂದರೆ ಒಂದು ಪುಟ್ಟ ದೀಪವನ್ನು ಬೆಳಗಿಸುವ ಪ್ರವಾಹವು ಮನುಷ್ಯನ ಕೈಯನ್ನು ತಂತಿಗೆ ಬಿಗಿದುಹಾಕಲು ಧಾರಾಳವಾಗಿ ಸಾಕು. ಇನ್ನು ಬಾಗಿಲಿನ ಮೇಲಿನ ಹಲಗೆಯಲ್ಲಿರುವ ಐದು ಆಂಪಿಯರಿನ ಫ್ಯೂಸು ಕರಗುವುದು 5000 ಮಿಲಿಆಂಪಿಯರಿಗಿಂತಲೂ ಹೆಚ್ಚು ಪ್ರವಾಹ ಹರಿದಾಗ. ಅದು ಕರಗುವ ಪ್ರವಾಹದ ಐವತ್ತನೆಯ ಒಂದು ಭಾಗವೇ ಮನುಷ್ಯನನ್ನು ಕೊಲ್ಲಬಲ್ಲುದು. ಆದುದರಿಂದ ‘ಮನೆಯಲ್ಲಿ ಫ್ಯೂಸಿದೆ, ಭಯವಿಲ್ಲ’ ಎಂಬುದು ಮಾರಕವಾದ ಭ್ರಮೆ. ಫ್ಯೂಸೂ ಅದರ ಸ್ಥಾನದಲ್ಲಿ ಇಂದು ಬಂದಿರುವ ಎಂಸಿಬಿಯೂ ತಂತಿಗಳು ಕಾದು ಬೆಂಕಿ ಹತ್ತದಂತೆ ಕಾಯುತ್ತವೆ. ತಂತಿಯನ್ನು ಮುಟ್ಟಿದವನನ್ನು ಕಾಯುವುದು ಅವುಗಳ ಕೆಲಸವಲ್ಲ.

ಚರ್ಮವೆಂಬ ಕವಚ

ಒತ್ತಡ 230 ವೋಲ್ಟು ಎಂದು ಗೊತ್ತಿರುವಾಗ ಪ್ರವಾಹವನ್ನು ನಿರ್ಧರಿಸುವುದು ದೇಹದ ರೋಧ. ದೇಹದ ಒಳಭಾಗವು ಲವಣಯುಕ್ತ ದ್ರವಗಳಿಂದ ತುಂಬಿರುವುದರಿಂದ ಒಳ್ಳೆಯ ವಾಹಕ. ಅಲ್ಲಿನ ರೋಧ ಕೆಲವು ನೂರು ಓಮ್‌ಗಳು ಮಾತ್ರ. ನಮ್ಮನ್ನು ರಕ್ಷಿಸುವ ಕವಚವೆಂದರೆ ಚರ್ಮದ ಹೊರಪದರ. ಅದು ಒಣಗಿ ದಪ್ಪಗಿದ್ದಾಗ ಅದರ ರೋಧ ಒಂದು ಲಕ್ಷ ಓಮಿನವರೆಗೂ ಇರಬಹುದು. ಆಗ ಓಮನ ನಿಯಮದಂತೆ 230ನ್ನು ಲಕ್ಷದಿಂದ ಭಾಗಿಸಿದರೆ ಬರುವ ಪ್ರವಾಹ 2.3 ಮಿಲಿಆಂಪಿಯರ್. ಕೈ ಜುಮ್ಮೆಂದೀತು, ಹೆಚ್ಚೇನೂ ಆಗದು. ಅದೇ ಕೈ ನೀರಿನಿಂದಲೋ ಬೆವರಿನಿಂದಲೋ ಒದ್ದೆಯಾಗಿ ರೋಧ ಸಾವಿರ ಓಮಿಗೆ ಇಳಿದರೆ ಪ್ರವಾಹ 230 ಮಿಲಿಆಂಪಿಯರಿಗೆ ಏರುತ್ತದೆ. ತಂತಿ ಅದೇ, ಮನುಷ್ಯನೂ ಅವನೇ. ವ್ಯತ್ಯಾಸವೆಲ್ಲ ಒಂದು ತೆಳುವಾದ ನೀರಿನ ಪದರದ್ದು.

‘ಎಷ್ಟೋ ಸಲ ಮುಟ್ಟಿದ್ದೇನೆ, ನನಗೇನೂ ಆಗಿಲ್ಲ’ ಎಂದು ಹೆಮ್ಮೆಪಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆ ಸಲಗಳಲ್ಲಿ ಅವರ ಕೈ ಒಣಗಿತ್ತು, ಕಾಲಿನಲ್ಲಿ ಚಪ್ಪಲಿಯಿತ್ತು. ಆದರೆ ಲಕ್ಷ ಓಮಿನ ಕವಚವನ್ನು ನಂಬುವಂತಿಲ್ಲ. ಮನೆಯ ಒತ್ತಡದಲ್ಲಿಯೇ ಚರ್ಮದ ಹೊರಪದರವು ಬಹುಬೇಗ ಸೋಲುತ್ತದೆ. ಪ್ರವಾಹ ಹರಿಯತೊಡಗಿದ ಮೇಲೆ ಕವಚ ಸುಟ್ಟು ರೋಧ ಇನ್ನೂ ಕುಗ್ಗುತ್ತದೆ. ಬಚ್ಚಲುಮನೆಯಲ್ಲಿ ನೀರು ಕಾಯಿಸುವ ಕಾಯಿಲನ್ನು ಬಕೆಟ್ಟಿನಲ್ಲಿ ಇಳಿಬಿಟ್ಟು, ನೀರು ಬಿಸಿಯಾಯಿತೇ ಎಂದು ಬೆರಳದ್ದಿ ನೋಡುವ ಅಭ್ಯಾಸವು ಎಷ್ಟು ಘೋರವಾದುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಲ್ಲಿ ಕೈ ಒದ್ದೆ, ಕಾಲು ಬರಿದು, ನೆಲವೂ ತೇವ. ಪ್ಲಗ್ಗನ್ನು ಕಿತ್ತ ಮೇಲೆಯೇ ನೀರನ್ನು ಮುಟ್ಟತಕ್ಕದ್ದು.

ಹೃದಯ ಮತ್ತು ಕಾಲ

ಪ್ರವಾಹದ ದಾರಿಯೂ ಅದರ ಪ್ರಮಾಣದಷ್ಟೇ ಮುಖ್ಯ. ಒಂದೇ ಕೈಯ ಎರಡು ಬೆರಳುಗಳ ನಡುವೆ ಹರಿದ ಪ್ರವಾಹ ಬೆರಳನ್ನು ಸುಡಬಹುದು. ಅದೇ ಪ್ರವಾಹ ಒಂದು ಕೈಯಿಂದ ಇನ್ನೊಂದು ಕೈಗೆ, ಅಥವಾ ಕೈಯಿಂದ ಕಾಲಿಗೆ ಹರಿದರೆ ಎದೆಯನ್ನು ದಾಟಿಯೇ ಹೋಗಬೇಕು. ಎದೆಯಲ್ಲಿರುವ ಹೃದಯವು ತನ್ನದೇ ಆದ ಸೂಕ್ಷ್ಮ ವಿದ್ಯುತ್ಸಂಜ್ಞೆಗಳಿಂದ ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸಲ ಲಯಬದ್ಧವಾಗಿ ಬಡಿಯುವ ಪಂಪು. ಹೊರಗಿನ ಪ್ರವಾಹ ನುಗ್ಗಿದಾಗ ಆ ಲಯ ಮುರಿದು, ಹೃತ್ಕುಕ್ಷಿಗಳ ಸ್ನಾಯುತಂತುಗಳು ಒಂದೊಂದೂ ತನಗೆ ತೋಚಿದಂತೆ ಅದುರತೊಡಗುತ್ತವೆ. ಹೃದಯ ಚಲಿಸುತ್ತಿರುತ್ತದೆ, ಆದರೆ ರಕ್ತವನ್ನು ತಳ್ಳಲಾರದು. ಜಿನೀವದ ಪ್ರೆವೊ ಮತ್ತು ಬತೆಲಿ ಎಂಬ ವಿಜ್ಞಾನಿಗಳು 1899ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇದನ್ನು ತೋರಿಸಿಕೊಟ್ಟರು. ಇನ್ನೂ ಪ್ರಬಲವಾದ ಆಘಾತವೊಂದನ್ನು ಕೊಟ್ಟಾಗ ಈ ಅದುರುವಿಕೆ ನಿಂತು ಲಯ ಮರಳುವುದನ್ನೂ ಅವರು ಕಂಡರು. ಇಂದಿನ ಆಸ್ಪತ್ರೆಗಳಲ್ಲಿರುವ, ಹೃದಯದ ಲಯವನ್ನು ಮರಳಿಸುವ ಯಂತ್ರದ ಬೀಜ ಅಲ್ಲಿದೆ.

ಇನ್ನು ಕಾಲದ ಮಾತು. ಹೃದಯದ ಪ್ರತಿಯೊಂದು ಬಡಿತದಲ್ಲಿಯೂ ಒಂದು ಸೂಕ್ಷ್ಮಕ್ಷಣವಿದೆ. ಸ್ನಾಯುವು ಮುಂದಿನ ಬಡಿತಕ್ಕೆ ಸಿದ್ಧವಾಗುತ್ತಿರುವ ಆ ಕ್ಷಣದಲ್ಲಿ ಅದು ಬಹು ಸುಲಭವಾಗಿ ಕೆರಳುತ್ತದೆ. ಒಂದು ಬಡಿತಕ್ಕೆ ತಗಲುವ ಕಾಲ ಸುಮಾರು 0.8 ಸೆಕೆಂಡು. ಪ್ರವಾಹ ಅದಕ್ಕಿಂತ ಹೆಚ್ಚು ಹೊತ್ತು ಹರಿದರೆ ಆ ಕ್ಷಣವನ್ನು ಸಂಧಿಸಿಯೇ ತೀರುವುದು. ಬಹು ಅಲ್ಪಕಾಲದಲ್ಲಿ ನಿಂತುಹೋದರೆ ತಪ್ಪಿಸಿಕೊಳ್ಳುವ ಸಂಭವ ಹೆಚ್ಚು. ಮುಷೆನ್‌ಬ್ರೂಕನು ಬದುಕಿದ ಗುಟ್ಟು ಇಲ್ಲಿದೆ. ಪ್ರವಾಹವು ಅವನ ಎದೆಯನ್ನೇ ದಾಟಿತು, ಒತ್ತಡವೂ ಸಣ್ಣದಾಗಿರಲಿಲ್ಲ. ಆದರೆ ಜಾಡಿಯಲ್ಲಿದ್ದ ವಿದ್ಯುತ್ತು ಅತ್ಯಲ್ಪ, ಅದು ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಬರಿದಾಗಿಹೋಯಿತು. ಮನೆಯ ತಂತಿಯು ಆ ಜಾಡಿಯಂತಲ್ಲ. ಅದರ ಹಿಂದೆ ಇಡೀ ವಿದ್ಯುದಾಗಾರವಿದೆ. ಅದು ತಾನಾಗಿ ಬರಿದಾಗದು.

ಮೂರು ರಕ್ಷೆಗಳು

ಮನೆಯ ವಿದ್ಯುತ್ ವ್ಯವಸ್ಥೆಯಲ್ಲಿ ಮೂರು ರಕ್ಷೆಗಳಿವೆ. ಒಂದೊಂದೂ ನಮ್ಮ ಮೂರು ಪ್ರಶ್ನೆಗಳಿಗೆ ಸಂಬಂಧಿಸಿದೆ.

ಮೊದಲನೆಯದು ಅವಾಹಕದ ಹೊದಿಕೆ. ತಂತಿಯ ಮೇಲಿನ ಪ್ಲಾಸ್ಟಿಕ್ಕು, ಸ್ವಿಚ್ಚಿನ ಮುಚ್ಚಳ, ಇಕ್ಕಳದ ಹಿಡಿಗೆ ತೊಡಿಸಿದ ಕವಚ, ಕಾಲಿನ ರಬ್ಬರು ಚಪ್ಪಲಿ ಇವೆಲ್ಲವೂ ದಾರಿಯಲ್ಲಿ ದೊಡ್ಡ ರೋಧವನ್ನಿಟ್ಟು ಪ್ರವಾಹವನ್ನು ತಡೆಯುತ್ತವೆ. ಹೊದಿಕೆ ಬಿರಿದ ತಂತಿ, ಒಡೆದ ಪ್ಲಗ್ಗು, ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸಿದ ಬರಿಯ ತಂತಿಯ ತುದಿ ಇವೆಲ್ಲ ಈ ರಕ್ಷೆ ಹರಿದುಹೋದುದರ ಗುರುತುಗಳು.

ಎರಡನೆಯದು ಭೂಸಂಪರ್ಕ, ಎಂದರೆ ಅರ್ತಿಂಗ್. ಫ್ರಿಜ್ಜಿನ ಒಳಗೆ ಫೇಸ್ ತಂತಿಯ ಹೊದಿಕೆ ಸವೆದು ಅದು ಲೋಹದ ಹೊರಮೈಗೆ ತಗಲಿತೆಂದುಕೊಳ್ಳೋಣ. ಆ ಹೊರಮೈಯನ್ನು ಹಸಿರು ತಂತಿಯಿಂದ ನೆಲಕ್ಕೆ ಜೋಡಿಸಿದ್ದರೆ ಪ್ರವಾಹವು ಆ ಸುಲಭ ದಾರಿಯಲ್ಲಿ ರಭಸವಾಗಿ ಹರಿದು ಫ್ಯೂಸನ್ನು ಕರಗಿಸುತ್ತದೆ. ಜೋಡಿಸದಿದ್ದರೆ ಹೊರಮೈಯು 230 ವೋಲ್ಟಿನಲ್ಲಿ ಮೌನವಾಗಿ ನಿಂತಿರುತ್ತದೆ. ಅದನ್ನು ಮೊದಲು ಮುಟ್ಟಿದವನೇ ದಾರಿಯಾಗುತ್ತಾನೆ. ರಿಖ್‌ಮನ್ನನ ಸರಳಿಗೆ ಇಂಥ ದಾರಿಯಿರಲಿಲ್ಲ. ಅವನ ಹಣೆಯೇ ದಾರಿಯಾಯಿತು. ಮೂರು ಕಡ್ಡಿಗಳ ಪ್ಲಗ್ಗಿನಲ್ಲಿ ಅರ್ತ್ ಕಡ್ಡಿಯು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು. ಉದ್ದವಾಗಿರುವುದರಿಂದ ಪ್ಲಗ್ಗನ್ನು ಸಿಕ್ಕಿಸುವಾಗ ರಕ್ಷೆ ಎಲ್ಲಕ್ಕಿಂತ ಮೊದಲು ಕೂಡುತ್ತದೆ, ಕೀಳುವಾಗ ಕಡೆಗೆ ಬಿಡುತ್ತದೆ. ದಪ್ಪವಾಗಿರುವುದರಿಂದ ಅದು ತಪ್ಪು ರಂಧ್ರದಲ್ಲಿ ಹೋಗಲಾರದು. ಇಷ್ಟು ಯೋಚಿಸಿ ಮಾಡಿದ ಕಡ್ಡಿಯನ್ನು ಮುರಿದುಹಾಕಿ ಎರಡು ರಂಧ್ರದ ಸಾಕೆಟ್ಟಿಗೆ ಪ್ಲಗ್ಗನ್ನು ತುರುಕುವವರು ತಾವು ಏನನ್ನು ಮುರಿಯುತ್ತಿದ್ದೇವೆಂಬುದನ್ನು ಅರಿಯರು.

ಆದರೆ ಭೂಸಂಪರ್ಕಕ್ಕೂ ಒಂದು ಮಿತಿಯಿದೆ. ಬೇಸಗೆಯಲ್ಲಿ ಅರ್ತ್ ಗುಂಡಿ ಒಣಗಿ ಆ ದಾರಿಯ ರೋಧ 20 ಓಮಿಗೆ ಏರಿತೆನ್ನಿ. 230ನ್ನು 20ರಿಂದ ಭಾಗಿಸಿದರೆ ಪ್ರವಾಹ ಹನ್ನೊಂದೂವರೆ ಆಂಪಿಯರ್. ಹದಿನಾರು ಆಂಪಿಯರಿನ ಫ್ಯೂಸು ಅದಕ್ಕೆ ಕರಗುವುದೇ ಇಲ್ಲ. ಯಂತ್ರದ ಹೊರಮೈ ಅಪಾಯಕರವಾಗಿಯೇ ಉಳಿಯುತ್ತದೆ.

ಈ ಕೊರತೆಯನ್ನು ತುಂಬುವುದು ಮೂರನೆಯ ರಕ್ಷೆಯಾದ ಸೋರಿಕೆ ತಡೆ. ಅಂಗಡಿಗಳಲ್ಲಿ ಇದನ್ನು ಆರ್‌ಸಿಸಿಬಿ ಎನ್ನುತ್ತಾರೆ. ಇಎಲ್‌ಸಿಬಿ ಎಂಬ ಹಳೆಯ ಹೆಸರೂ ಬಳಕೆಯಲ್ಲಿದೆ. ಫೇಸಿನಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲಿನಲ್ಲಿ ಹಿಂದಿರುಗಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಹೋದುದಕ್ಕೂ ಬಂದುದಕ್ಕೂ ವ್ಯತ್ಯಾಸ ಕಂಡರೆ ಎಲ್ಲಿಯೋ ಸೋರಿಕೆಯಾಗುತ್ತಿದೆ, ಪ್ರಾಯಶಃ ಮನುಷ್ಯದೇಹದ ಮೂಲಕ, ಎಂದು ತಿಳಿದು ಎರಡು ತಂತಿಗಳನ್ನೂ ಕಡಿದುಬಿಡುತ್ತದೆ. ಮನೆಗೆ ಹಾಕುವ ಸಾಧನದ ಮಿತಿ 30 ಮಿಲಿಆಂಪಿಯರ್. ಅಷ್ಟು ಸೋರಿಕೆಗೆ ಅದು 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟಿಗೆ 0.04 ಸೆಕೆಂಡಿನೊಳಗೆ ಕಡಿಯಬೇಕು. ಹೃದಯದ ಒಂದು ಬಡಿತಕ್ಕಿಂತ ಇದು ಎಷ್ಟು ಕಡಮೆಯೆಂಬುದನ್ನು ನೋಡಿರಿ. ಮುಷ್ಟಿ ಬಿಗಿಯುವ ಪ್ರವಾಹವನ್ನು ಅಳೆದ ಡಾಲ್ಜಿಯಲರೇ 1961ರಲ್ಲಿ ಈ ಬಗೆಯ ಸೂಕ್ಷ್ಮ ಸಾಧನವೊಂದನ್ನು ರೂಪಿಸಿದರು. ಈ ಸಾಧನದ ಮೇಲೆ ಪರೀಕ್ಷೆಯ ಗುಂಡಿಯೊಂದಿರುತ್ತದೆ. ಅದನ್ನು ಆಗಾಗ ಒತ್ತಿ, ವಿದ್ಯುತ್ತು ಕಡಿಯುವುದೇ ಎಂದು ನೋಡುತ್ತಿರಬೇಕು.

ಇದೂ ಸರ್ವಶಕ್ತವಲ್ಲ. ಒಣ ಮಣೆಯ ಮೇಲೆ ನಿಂತು ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದು ಕೈಯಲ್ಲಿ ನ್ಯೂಟ್ರಲನ್ನೂ ಹಿಡಿದರೆ ಹೋದ ಪ್ರವಾಹವೆಲ್ಲ ಸರಿಯಾಗಿ ಹಿಂದಿರುಗುತ್ತದೆ. ಸಾಧನದ ದೃಷ್ಟಿಯಲ್ಲಿ ಆ ಮನುಷ್ಯನಿಗೂ ಒಂದು ದೀಪಕ್ಕೂ ವ್ಯತ್ಯಾಸವಿಲ್ಲ.

ಕೆಲಸಕ್ಕೆ ಕೈಹಚ್ಚುವ ಮುನ್ನ

ಆದುದರಿಂದ ಕೆಲಸ ಮಾಡುವವನ ನಿಜವಾದ ರಕ್ಷಣೆ ಅವನ ಕ್ರಮದಲ್ಲಿದೆ. ಆ ಕ್ರಮಕ್ಕೆ ನಾಲ್ಕು ಮೆಟ್ಟಿಲುಗಳು: ಕಡಿಯುವುದು, ಕಾಯುವುದು, ಪರೀಕ್ಷಿಸುವುದು, ಅನಂತರ ಮುಟ್ಟುವುದು.

ಕಡಿಯುವುದೆಂದರೆ ಗೋಡೆಯ ಸ್ವಿಚ್ಚನ್ನು ಆರಿಸುವುದಲ್ಲ. ಸ್ವಿಚ್ಚು ಫೇಸ್ ತಂತಿಯಲ್ಲಿರಬೇಕು. ಅಜಾಗರೂಕನಾದ ಕೆಲಸಗಾರನು ಅದನ್ನು ನ್ಯೂಟ್ರಲಿನಲ್ಲಿ ಕೂಡಿಸಿದ್ದರೆ ದೀಪವೇನೋ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಪೂರ್ಣ ಒತ್ತಡ ಉಳಿದಿರುತ್ತದೆ. ಆದುದರಿಂದ ಮೇನ್ ಸ್ವಿಚ್ಚನ್ನೇ ಆರಿಸಬೇಕು. ಇಂದು ಅನೇಕ ಮನೆಗಳಲ್ಲಿ ಇನ್ವರ್ಟರುಗಳಿವೆ. ಬೀದಿಯ ವಿದ್ಯುತ್ತನ್ನು ಕಡಿದೊಡನೆ ಅವು ತಾವಾಗಿ 230 ವೋಲ್ಟನ್ನು ಒದಗಿಸತೊಡಗುತ್ತವೆ. ಮಾಡಿನ ಮೇಲಿನ ಸೌರಫಲಕಗಳಲ್ಲಿ ಬಿಸಿಲಿರುವವರೆಗೂ ಒತ್ತಡವಿರುತ್ತದೆ. ಎಲ್ಲ ಮೂಲಗಳನ್ನೂ ಎಣಿಸಿ ಕಡಿಯಬೇಕು. ಜನರೇಟರನ್ನು ಮನೆಯ ಸಾಕೆಟ್ಟಿಗೆ ನೇರವಾಗಿ ಜೋಡಿಸಿದರಂತೂ ವಿದ್ಯುತ್ತು ಹಿಮ್ಮುಖವಾಗಿ ಬೀದಿಗೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಒತ್ತಡವೇರಿ, ತಂತಿ ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನನ ಪ್ರಾಣವನ್ನು ತೆಗೆಯಬಹುದು.

ಕಾಯುವುದೆಂದರೆ ಕಡಿದುದನ್ನು ಬೇರೆಯವರು ಕೂಡಿಸದಂತೆ ನೋಡಿಕೊಳ್ಳುವುದು. ಫ್ಯೂಸನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳುವುದು ಹಳೆಯ ಎಲೆಕ್ಟ್ರಿಷಿಯನ್ನರ ಒಳ್ಳೆಯ ಪದ್ಧತಿ. ಎಂಸಿಬಿಯಿದ್ದರೆ ಹಲಗೆಯ ಪೆಟ್ಟಿಗೆಗೆ ಬೀಗ ಹಾಕಿ, ‘ಕೆಲಸ ನಡೆಯುತ್ತಿದೆ, ಹಾಕಬೇಡಿ’ ಎಂದು ಬರೆದು ತೂಗುಹಾಕಬೇಕು. ‘ದೀಪವೇಕೆ ಹತ್ತುತ್ತಿಲ್ಲ’ ಎಂದು ಮನೆಯವರು ಸದುದ್ದೇಶದಿಂದಲೇ ಸ್ವಿಚ್ಚನ್ನು ಹಾಕಿಬಿಡುವುದುಂಟು.

ಪರೀಕ್ಷಿಸುವುದಕ್ಕೆ ನಿಯಾನ್ ದೀಪದ ಟೆಸ್ಟರು ಎಲ್ಲರಿಗೂ ಪರಿಚಿತ. ಅದರೊಳಗೆ ಸುಮಾರು ಹತ್ತು ಲಕ್ಷ ಓಮಿನ ರೋಧಕವಿರುವುದರಿಂದ ನಮ್ಮ ಬೆರಳಿನ ಮೂಲಕ ಮಿಲಿಆಂಪಿಯರಿನ ಕಾಲುಭಾಗಕ್ಕೂ ಕಡಮೆ ಪ್ರವಾಹ ಹರಿದು ದೀಪ ಬೆಳಗುತ್ತದೆ. ಆದರೆ ಟೆಸ್ಟರು ಬೆಳಗಲಿಲ್ಲವೆಂದರೆ ತಂತಿ ಸತ್ತಿದೆಯೆಂದೇ ಅರ್ಥವಲ್ಲ, ಟೆಸ್ಟರೇ ಸತ್ತಿರಬಹುದು. ಬಿಸಿಲಿನಲ್ಲಿ ಅದರ ಬೆಳಕು ಕಾಣದಿರಬಹುದು. ಒಣ ಮಣೆಯ ಮೇಲೆ ನಿಂತಾಗ ಮಂಕಾಗಿರಬಹುದು. ಮೊದಲು ವಿದ್ಯುತ್ತಿದೆಯೆಂದು ಗೊತ್ತಿರುವ ಕಡೆ ಅದನ್ನು ಪರೀಕ್ಷಿಸಿ, ಅನಂತರ ಕೆಲಸದ ತಂತಿಗಳೆಲ್ಲವನ್ನೂ ಮುಟ್ಟಿಸಿ ನೋಡಿ, ಕೊನೆಗೆ ಮತ್ತೆ ಗೊತ್ತಿರುವ ಕಡೆ ಪರೀಕ್ಷಿಸಬೇಕು. ಈ ಮೂರನೆಯ ಪರೀಕ್ಷೆ ವ್ಯರ್ಥಶ್ರಮವೆಂದು ತೋರಬಹುದು. ನಡುವೆ ಟೆಸ್ಟರು ಕೆಟ್ಟಿಲ್ಲವೆಂಬುದಕ್ಕೆ ಅದೊಂದೇ ಸಾಕ್ಷಿ. ನ್ಯೂಟ್ರಲ್ ತಂತಿಯನ್ನೂ ಪರೀಕ್ಷಿಸದೆ ಬಿಡಬಾರದು. ಅದು ಎಲ್ಲಿಯಾದರೂ ತುಂಡಾಗಿದ್ದರೆ ದೀಪದ ಮೂಲಕ ಬಂದ ಒತ್ತಡ ಅದರಲ್ಲಿಯೂ ನಿಂತಿರುತ್ತದೆ.

ಮುಟ್ಟುವಾಗಲೂ ಒಣಗಿದ ಕೈ, ರಬ್ಬರಿನ ಪಾದರಕ್ಷೆ, ಒಣ ಮರದ ಮಣೆ ಇರಲಿ. ಕೈಯ ಉಂಗುರ, ಲೋಹದ ಕಡಗಗಳನ್ನು ತೆಗೆದಿಡಬೇಕು. ಜೀವಂತ ಮಂಡಲದಲ್ಲಿ ಅಳತೆಮಾಡಲೇಬೇಕಾದ ಪ್ರಸಂಗದಲ್ಲಿ ಬಲ್ಲವರು ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. ಕೈಯಿಂದ ಕೈಗೆ ಎದೆಯ ಮೂಲಕ ಹೋಗುವ ದಾರಿಯನ್ನು ಮುಚ್ಚುವುದೇ ಇದರ ಉದ್ದೇಶ. ಕಾಲೇಜಿನ ಪ್ರಯೋಗಶಾಲೆಯಲ್ಲಿ ದೊಡ್ಡ ಕೆಪಾಸಿಟರುಗಳನ್ನು ಸ್ವಿಚ್ಚು ಆರಿಸಿದ ಮೇಲೂ ನಂಬಕೂಡದು. ಅವು ಲೈಡನ್ ಜಾಡಿಯ ವಂಶದವು, ಆದರೆ ಶಕ್ತಿಯಲ್ಲಿ ಎಷ್ಟೋ ಪಾಲು ದೊಡ್ಡವು. ತಕ್ಕ ರೋಧಕದ ಮೂಲಕ ಅವನ್ನು ಬರಿದುಮಾಡಿದ ಮೇಲೆಯೇ ಕೈಹಚ್ಚಬೇಕು.

ಮನೆಯ ಹೊರಗೆ

ಇದುವರೆಗೆ ಹೇಳಿದುದು ಮನೆಯ 230 ವೋಲ್ಟಿನ ಮಾತು. ಬೀದಿ ಹೊಲಗಳ ಮೇಲೆ ಹಾಯುವ ಹಲವು ತಂತಿಗಳಲ್ಲಿ 11,000 ವೋಲ್ಟಿರುತ್ತದೆ. ಅಲ್ಲಿ ಮುಟ್ಟುವುದೂ ಬೇಕಾಗಿಲ್ಲ. ಬಹಳ ಸಮೀಪಕ್ಕೆ ಹೋದರೆ ವಿದ್ಯುತ್ತೇ ಗಾಳಿಯನ್ನು ಭೇದಿಸಿ ಹಾರಬಲ್ಲುದು. ಮಲೆನಾಡು ಕರಾವಳಿಗಳ ತೋಟಗಳಲ್ಲಿ ಅಡಕೆ ಕೊಯ್ಯಲು ಉದ್ದವಾದ ದೋಟಿಗಳು ಬಳಕೆಯಲ್ಲಿವೆ. ಅಲ್ಯೂಮಿನಿಯಮಿನ ದೋಟಿ ವಾಹಕವೆಂಬುದು ಹಲವರಿಗೆ ಗೊತ್ತು. ಹಗುರವೆಂದು ಈಚೆಗೆ ಬಂದಿರುವ ಕಾರ್ಬನ್ ಫೈಬರಿನ ದೋಟಿಯೂ ವಾಹಕವೇ ಎಂಬುದನ್ನು ಅನೇಕರು ಅರಿಯರು. ಹಸಿ ಬಿದಿರೂ ನಂಬಿಕೆಗೆ ಅರ್ಹವಲ್ಲ. ತಂತಿಯಿರುವ ಕಡೆ ದೋಟಿಯನ್ನು ಎತ್ತುವ ಮುನ್ನ ತಲೆಯೆತ್ತಿ ನೋಡುವುದು ಕೊಯ್ಲಿನ ಮೊದಲ ಪಾಠವಾಗಬೇಕು.

ಮಳೆಗಾಳಿಗೆ ತುಂಡಾಗಿ ಬಿದ್ದ ತಂತಿಯ ಸುತ್ತಲಿನ ನೆಲದಲ್ಲಿ ಒತ್ತಡವು ವೃತ್ತವೃತ್ತವಾಗಿ ಇಳಿಯುತ್ತ ಹೋಗುತ್ತದೆ. ಅಲ್ಲಿ ದೊಡ್ಡ ಹೆಜ್ಜೆಯಿಟ್ಟರೆ ಒಂದು ಕಾಲು ಹೆಚ್ಚಿನ ಒತ್ತಡದಲ್ಲಿ, ಇನ್ನೊಂದು ಕಡಮೆ ಒತ್ತಡದಲ್ಲಿ ನಿಂತು ಕಾಲಿನಿಂದ ಕಾಲಿಗೆ ಪ್ರವಾಹ ಹರಿಯುತ್ತದೆ. ಮುಂಗಾಲು ಹಿಂಗಾಲುಗಳ ಅಂತರ ಹೆಚ್ಚಾದ ದನಕರುಗಳು ಮೊದಲು ಸಾಯುವುದು ಇದರಿಂದ. ಹತ್ತು ಮೀಟರಿಗೂ ಹೆಚ್ಚು ದೂರ ನಿಂತು, ಇತರರನ್ನೂ ತಡೆದು, ವಿದ್ಯುತ್ ಕಂಪನಿಯ 1912ನೆಯ ಸಂಖ್ಯೆಗೆ ತಿಳಿಸಬೇಕು. ಅರಿಯದೆ ಹತ್ತಿರ ಬಂದುಬಿಟ್ಟಿದ್ದರೆ ಎರಡು ಪಾದಗಳನ್ನೂ ಜೋಡಿಸಿಕೊಂಡು, ನೆಲದಿಂದ ಎತ್ತದೆ, ತುಸುತುಸುವೇ ಜರುಗುತ್ತ ಹಿಂದಕ್ಕೆ ಬರಬೇಕು.

ಹಂದಿಗಳ ಕಾಟಕ್ಕೆಂದು ಹೊಲದ ಬೇಲಿಗೆ ಮನೆಯ ವಿದ್ಯುತ್ತನ್ನೇ ಕೊಡುವ ದುಷ್ಟ ಪದ್ಧತಿಯೊಂದಿದೆ. ಕಾನೂನಿಗೆ ಒಪ್ಪಿದ ಬೇಲಿಯಂತ್ರದಲ್ಲಿ ಒತ್ತಡವು ಸಾವಿರಾರು ವೋಲ್ಟಿದ್ದರೂ ಅದು ಸೆಕೆಂಡಿಗೆ ಸುಮಾರು ಒಂದು ಸಲ, ಅತ್ಯಲ್ಪ ಕಾಲ ಮಾತ್ರ ಮಿಡಿಯುತ್ತದೆ. ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಮನೆಯ 230 ವೋಲ್ಟು ಬಿಡುವಿಲ್ಲದೆ ಹರಿದು ಹಂದಿಯನ್ನೂ ಆನೆಯನ್ನೂ ನೆರೆಯವನ ಮಗುವನ್ನೂ ಒಂದೇ ಸಮನಾಗಿ ಕೊಲ್ಲುತ್ತದೆ. ಕಾಲವೆಂಬ ಮೂರನೆಯ ಪ್ರಶ್ನೆಯ ಮಹತ್ವ ಇದಕ್ಕಿಂತ ಸ್ಪಷ್ಟವಾಗಿ ಎಲ್ಲಿಯೂ ಕಾಣದು.

ಆಘಾತವಾದಾಗ

ಒಬ್ಬನು ತಂತಿಗೆ ಸಿಕ್ಕಿಕೊಂಡಿರುವುದನ್ನು ಕಂಡೊಡನೆ ಓಡಿಹೋಗಿ ಅವನನ್ನು ಹಿಡಿದೆಳೆಯುವುದು ಮನುಷ್ಯಸಹಜ. ಒಂದೇ ಮನೆಯಲ್ಲಿ ಇಬ್ಬರು ಮೂವರು ಸಾಯುವುದು ಹೀಗೆಯೇ. ಸಿಕ್ಕಿಕೊಂಡವನ ಮೈಯೂ ಈಗ ತಂತಿಯ ಭಾಗವೆಂಬುದನ್ನು ಮರೆಯಬಾರದು. ಮೊದಲು ಮೇನ್ ಸ್ವಿಚ್ಚನ್ನು ಆರಿಸಿ ಅಥವಾ ಪ್ಲಗ್ಗನ್ನು ಕೀಳಿ. ಮನೆಯ ಒತ್ತಡವಾಗಿದ್ದು, ಸ್ವಿಚ್ಚು ಸಿಗದಿದ್ದರೆ, ಒಣಗಿದ ನೆಲೆಯ ಮೇಲೆ ನಿಂತು ಒಣ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ತಂತಿಯನ್ನು ಬೇರ್ಪಡಿಸಿ. 11,000 ವೋಲ್ಟಿನ ತಂತಿಯಾದರೆ ಈ ಸಾಧನಗಳೊಂದೂ ಸಾಲವು. ಕಂಪನಿಯವರು ವಿದ್ಯುತ್ತನ್ನು ಕಡಿಯುವವರೆಗೂ ಹತ್ತಿರ ಹೋಗಲೇಬಾರದು.

ಬಿಡಿಸಿದ ಮೇಲೆ ಅವನಿಗೆ ಎಚ್ಚರವಿಲ್ಲದೆ, ಉಸಿರಾಟವೂ ಸರಿಯಾಗಿಲ್ಲದಿದ್ದರೆ, ಹೃದಯ ನಿಂತಿದೆಯೆಂದೇ ಭಾವಿಸಬೇಕು. ಒಬ್ಬರು 108ಕ್ಕೆ ದೂರವಾಣಿ ಮಾಡಲಿ. ಇನ್ನೊಬ್ಬರು ಅವನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುಮಧ್ಯದಲ್ಲಿ ಒಂದು ಅಂಗೈಯ ಮೇಲೆ ಇನ್ನೊಂದನ್ನಿಟ್ಟು, ಮೊಳಕೈ ಬಾಗದಂತೆ, ಐದರಿಂದ ಆರು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದಂತೆ ಒತ್ತತೊಡಗಲಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಕಲಿತವರು ಮೂವತ್ತು ಒತ್ತುಗಳಿಗೊಮ್ಮೆ ಎರಡು ಸಲ ಬಾಯಿಯಿಂದ ಉಸಿರನ್ನು ತುಂಬಬೇಕು. ಕಲಿಯದವರು ಒತ್ತುವುದನ್ನಷ್ಟೇ ಮುಂದುವರಿಸಲಿ. ಸಹಾಯ ಬರುವವರೆಗೂ ನಿಲ್ಲಿಸಬಾರದು. ಕೆಲವೆಡೆ ಇಂಥವರನ್ನು ಮಣ್ಣಿನಲ್ಲಿ ಹೂಳುವ ಪದ್ಧತಿಯಿದೆ. ಮಣ್ಣಿನಿಂದ ಯಾವ ಪ್ರಯೋಜನವೂ ಇಲ್ಲ. ದೇಹದಲ್ಲಿ ಹೊರಹೋಗಬೇಕಾದ ವಿದ್ಯುತ್ತು ಉಳಿದಿರುವುದೂ ಇಲ್ಲ. ಹೂಳುವುದರಲ್ಲಿ ಕಳೆದ ನಿಮಿಷಗಳೇ ಅವನ ಪ್ರಾಣ. ಎಚ್ಚರವಿದ್ದು ಎದ್ದು ಕುಳಿತವನನ್ನೂ ವೈದ್ಯರಿಗೆ ತೋರಿಸಬೇಕು. ಒಳಗಿನ ಸುಟ್ಟಗಾಯಗಳು ಹೊರಗೆ ಕಾಣವು, ಹೃದಯದ ಲಯವೂ ತಡವಾಗಿ ತಪ್ಪಬಹುದು.

ಈ ಎದೆಯೊತ್ತುವ ವಿಧಾನದ ಇತಿಹಾಸವೂ ನಮ್ಮ ವಿಷಯಕ್ಕೆ ಸೇರಿದ್ದು. ಅದನ್ನು ಕಂಡುಹಿಡಿದವರಲ್ಲಿ ಮುಖ್ಯರಾದ ವಿಲಿಯಂ ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರು. ಕಂಬಗಳ ಮೇಲೆ ಆಘಾತಕ್ಕೊಳಗಾಗಿ ಸಾಯುತ್ತಿದ್ದ ಕೆಲಸಗಾರರನ್ನು ಉಳಿಸುವ ದಾರಿಯನ್ನು ಅವರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವರ್ಷಗಟ್ಟಲೆ ಹುಡುಕಿದರು. ಹೃದಯಕ್ಕೆ ವಿದ್ಯುತ್ತು ಕೊಡಲು ಭಾರವಾದ ಫಲಕಗಳನ್ನು ಪ್ರಯೋಗದ ನಾಯಿಯ ಎದೆಗೆ ಒತ್ತಿಹಿಡಿದಾಗ, ಆ ಒತ್ತುವಿಕೆಯಿಂದಲೇ ರಕ್ತದೊತ್ತಡ ಏರುವುದನ್ನು ಅವರ ಜೊತೆಗಾರರಾದ ನಿಕರ್‌ಬಾಕರ್ ಗಮನಿಸಿದರು. ಶಸ್ತ್ರವೈದ್ಯ ಜೂಡ್ ಅವರೊಡನೆ ಸೇರಿ ಮೂವರೂ 1960ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಇಂದು ಯಾವ ಕಾರಣದಿಂದ ಹೃದಯ ನಿಂತರೂ ಜಗತ್ತೆಲ್ಲ ಇದನ್ನೇ ಬಳಸುತ್ತದೆ. ಇದಕ್ಕೆ ಬೇಕಾದುದು ಎರಡು ಕೈಗಳು ಮಾತ್ರ.

ವಿದ್ಯುತ್ತಿಗೆ ದ್ವೇಷವಿಲ್ಲ, ದಾಕ್ಷಿಣ್ಯವೂ ಇಲ್ಲ. ಅದು ಓಮನ ನಿಯಮವನ್ನು ಎಂದೂ ಮೀರದು. ಅದರಿಂದಲೇ ಅದನ್ನು ಅರಿತು ನಡೆಯುವುದು ನಮಗೆ ಸಾಧ್ಯವಾಗಿದೆ. ಎಷ್ಟು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಯಾವ ತಂತಿಗೂ ಕೈಯೊಡ್ಡಬಾರದು. ವಿದ್ಯಾರ್ಥಿಗಳು ಇಂದು ಸಂಜೆಯೇ ತಮ್ಮ ಮನೆಯ ಹಲಗೆಯ ಮುಂದೆ ನಿಂತು ಮೇನ್ ಸ್ವಿಚ್ಚು ಎಲ್ಲಿದೆ, ಸೋರಿಕೆ ತಡೆಯಿದೆಯೇ, ಅದರ ಪರೀಕ್ಷೆಯ ಗುಂಡಿಯನ್ನು ಒತ್ತಿದರೆ ವಿದ್ಯುತ್ತು ಕಡಿಯುವುದೇ ಎಂದು ಹಿರಿಯರೊಡನೆ ಸೇರಿ ನೋಡಲಿ. ಕಡಿಯದಿದ್ದರೆ ತಿಳಿದ ಎಲೆಕ್ಟ್ರಿಷಿಯನ್ನರನ್ನು ಕರೆಸಲು ನಾಳೆಯವರೆಗೆ ಕಾಯುವುದು ಬೇಡ.